ವಾಸನೆ ತೆಗೆದ ಗ್ಯಾಸು

ನಮ್ಮ ಬೊರಿವಲಿಯ ಮನೆಯ ಅಡುಗೆಮನೆ ಒಮ್ಮೆ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಬಂದಿತ್ತು. ಫೋಟೋದಲ್ಲಿ ಬಟ್ಟೆ ಬೀರುವಿನಷ್ಟು ದೊಡ್ಡ ಯಂತ್ರ, ಅದರ ನೆತ್ತಿಯ ಮೇಲೆ ಉರಿಯುತ್ತಿರುವ ಬಲ್ಬು, ಪಕ್ಕದಲ್ಲಿ ಚಹಾದ ಟ್ರೇ ಹಿಡಿದು ನಿಂತ ನಾನು. ಕೆಳಗೆ, ಯಂತ್ರದೊಂದಿಗೆ ಒಬ್ಬ ಗೃಹಿಣಿ ಎಂದು ಬರೆದಿದ್ದರು. ಆ ಯಂತ್ರದ ಹೊಟ್ಟೆಯೊಳಗಿದ್ದ ತಾಮ್ರದ ಗುಳಿಗೆಗಳನ್ನು ಮಾಡುವ ಕ್ರಮ ಕಂಡುಹಿಡಿದವಳು ಆ ಗೃಹಿಣಿಯೇ ಎಂಬುದು ಫೋಟೋ ತೆಗೆದವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ಇಬ್ಬರು ಅಲ್ಲೇ ನಿಂತಿದ್ದರು. ಅವರು ಹೇಳಲಿಲ್ಲ.

ಮೈಸೂರಿನಲ್ಲಿ ಎಂ.ಎಸ್ಸಿ. ಮುಗಿಸಿ ನಾನು ಮುಂಬಯಿಗೆ ಬಂದದ್ದು ಎಂಬತ್ತರ ದಶಕದ ಆರಂಭದಲ್ಲಿ. ಮಾಟುಂಗಾದಲ್ಲಿದ್ದ ಚಿಕ್ಕಮ್ಮನ ಮನೆಯಲ್ಲಿ ಉಳಿದುಕೊಂಡು ಭಾಂಡುಪ್‌ನ ಒಂದು ಕಾರ್ಖಾನೆಯ ಲ್ಯಾಬಿಗೆ ಸೇರಿದೆ. ಗೊಬ್ಬರದ ಕಾರ್ಖಾನೆಗಳಿಗೆ ಬೇಕಾದ ಕ್ಯಾಟಲಿಸ್ಟುಗಳನ್ನು ಅಲ್ಲಿ ಮಾಡುತ್ತಿದ್ದರು. ಪುಸ್ತಕದಲ್ಲಿ ವೇಗವರ್ಧಕ ಎಂದು ಓದಿಕೊಂಡಿದ್ದ ವಸ್ತು ಅಲ್ಲಿ ಕಪ್ಪು ಗುಳಿಗೆಗಳಾಗಿ ಡ್ರಮ್ಮು ಡ್ರಮ್ಮು ಲಾರಿ ಹತ್ತುತ್ತಿತ್ತು. ಮಾಲೀಕರು ವಯಸ್ಸಾದ ಗುಜರಾತಿ. ಎಲ್ಲರೂ ಅವರನ್ನು ಸೇಠ್ ಎನ್ನುತ್ತಿದ್ದರು. ಜಪಾನಿಗೆ ಹೋಗಿ ಬಂದಾಗಿನಿಂದ ಅವರ ತಲೆಯಲ್ಲಿ ಒಂದೇ ಹುಳ: ಅಡುಗೆ ಗ್ಯಾಸಿನಿಂದ ಮನೆಯಲ್ಲೇ ಕರೆಂಟು ಮಾಡಿಕೊಳ್ಳುವ ಯಂತ್ರ. ಮುಂಬಯಿಯಲ್ಲಿ ಆಗ ಕರೆಂಟು ಹೋಗುತ್ತಲೇ ಇರಲಿಲ್ಲ. ಸೇಠರ ಕಣ್ಣಿದ್ದದ್ದು ದಿಲ್ಲಿ, ಬೆಂಗಳೂರುಗಳ ಕತ್ತಲೆಯ ಮೇಲೆ. ಅಲ್ಲಿ ದುಡ್ಡಿರುವವರು ಮುಗಿಬಿದ್ದು ಕೊಳ್ಳುತ್ತಾರೆ ಎಂದು ಅವರ ಲೆಕ್ಕ.

ಯಂತ್ರದ ಒಳಗು ಹೇಳಿದರೆ ಸರಳ. ಅಡುಗೆ ಗ್ಯಾಸನ್ನು ಹಬೆಯೊಂದಿಗೆ ಸೇರಿಸಿ, ಕೆಂಪಗೆ ಕಾದ ನಿಕ್ಕಲ್ ಗುಳಿಗೆಗಳ ಪಾತ್ರೆಯ ಮೂಲಕ ಹಾಯಿಸಬೇಕು. ಗ್ಯಾಸು ಒಡೆದು ಹೈಡ್ರೋಜನ್ ಬರುತ್ತದೆ. ಜೊತೆಗೆ ಬೇಡದ ನೆಂಟನಾಗಿ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಎರಡನೆಯ ಪಾತ್ರೆಯಲ್ಲಿ ತಾಮ್ರ, ಸತುವಿನ ಗುಳಿಗೆಗಳು ಆ ನೆಂಟನನ್ನು ಹಬೆಯ ಜೊತೆ ಬೆರೆಸಿ ಇನ್ನಷ್ಟು ಹೈಡ್ರೋಜನ್ ಮಾಡುತ್ತವೆ. ಆಮೇಲೆ ಆ ಹೈಡ್ರೋಜನ್ ಫ್ಯುಯೆಲ್ ಸೆಲ್ ಎಂಬ ಪೆಟ್ಟಿಗೆಗೆ ಹೋಗಿ, ಗಾಳಿಯ ಆಮ್ಲಜನಕದೊಂದಿಗೆ ಸೇರಿ ನೀರಾಗುತ್ತದೆ. ನೀರಾಗುವಾಗ ಕರೆಂಟು ಕೊಡುತ್ತದೆ. ಮಾನಾಕ್ಸೈಡ್ ಹೆಚ್ಚು ಉಳಿದರೆ ಮಾತ್ರ ಪೆಟ್ಟಿಗೆಯೊಳಗಿನ ಪ್ಲಾಟಿನಮ್ಮಿಗೆ ಉಸಿರು ಕಟ್ಟುತ್ತದೆ. ಮನುಷ್ಯರಿಗೂ ಅಷ್ಟೆ.

ಎರಡನೆಯ ಪಾತ್ರೆ ನನ್ನದು. ತಾಮ್ರ ಮತ್ತು ಸತುವಿನ ದ್ರಾವಣಕ್ಕೆ ವಾಷಿಂಗ್ ಸೋಡಾದ ನೀರನ್ನು ಹನಿಹನಿಯಾಗಿ ಬಿಡಬೇಕು. ಬಿಸಿ ಏರಬಾರದು, ಇಳಿಯಬಾರದು, ಕಲಕುವ ಕೈ ನಿಲ್ಲಬಾರದು. ತಳದಲ್ಲಿ ಕೂರುವ ಹಸಿರು ಗಷ್ಟನ್ನು ಸೋಡಾ ಪೂರ್ತಿ ಹೋಗುವ ತನಕ ತೊಳೆಯುತ್ತಲೇ ಇರಬೇಕು. ತಿಂಗಳುಗಟ್ಟಲೆ ಅದು ಹದಕ್ಕೆ ಬರಲಿಲ್ಲ. ಬೆರಳ ಸಂದಿಗಳೆಲ್ಲ ಹಸಿರಾಗಿ, ಲೋಕಲ್ ಟ್ರೇನಿನಲ್ಲಿ ಹೆಂಗಸರು ನನಗೇನೋ ಚರ್ಮದ ಕಾಯಿಲೆಯೆಂದು ಸರಿದು ಕೂರುತ್ತಿದ್ದರು. ಕೊನೆಗೆ ಒಂದು ದಿನ ಹದ ಸಿಕ್ಕಿತು. ನನ್ನ ಗುಳಿಗೆಗಳನ್ನು ಹಾಯ್ದು ಬಂದ ಗ್ಯಾಸಿನಲ್ಲಿ ಮಾನಾಕ್ಸೈಡ್ ಬಹಳ ಕಡಿಮೆಯಿತ್ತು. ನಾನು ಮತ್ತೆ ಮತ್ತೆ ಪರೀಕ್ಷೆ ಮಾಡಿ ನೋಡಿದೆ. ನನ್ನ ಪಕ್ಕದ ಟೇಬಲ್ಲಿನ ಗೆಳತಿ, ಉಡುಪಿ ಕಡೆಯವಳು, "ಮಾರಾಯ್ತಿ, ಇನ್ನು ಸಾಕು ನೋಡಿದ್ದು, ಅದಕ್ಕೆ ದೃಷ್ಟಿ ಆಗ್ತದೆ" ಎಂದು ನಕ್ಕಳು.

ಪಾತ್ರೆಗಳನ್ನು ಕೊಳವೆಗಳಿಂದ ಜೋಡಿಸಿ ಯಂತ್ರವಾಗಿಸುವ ಕೆಲಸ ಬೆಂಗಳೂರಿನಿಂದ ಬಂದಿದ್ದ ಒಬ್ಬ ಎಂಜಿನಿಯರರದು. ಅವರು ನನ್ನ ಟೇಬಲ್ಲಿನ ಬಳಿ ಬಂದು, "ನೀವು ಹೇಳಿ, ನಿಮ್ಮ ಗುಳಿಗೆ ಎಷ್ಟು ಬಿಸಿ ತಡೆಯುತ್ತೆ? ನೀವು ಹೇಳಿದ ಹಾಗೆ ಪಾತ್ರೆ ಮಾಡಿಸ್ತೀನಿ" ಎನ್ನುತ್ತಿದ್ದರು. ಆ 'ನೀವು' ನನಗೆ ತುಂಬ ಇಷ್ಟವಾಗುತ್ತಿತ್ತು. ಎರಡೂ ಮನೆಯವರು ಒಪ್ಪಿದರು. ಮದುವೆಯಾಯಿತು.

ರಜ ಮುಗಿಸಿ ಬಂದ ದಿನ ಸೇಠ್ ಇಬ್ಬರನ್ನೂ ಒಳಗೆ ಕರೆದು ಸ್ಟೀಲ್ ಡಿನ್ನರ್ ಸೆಟ್ ಕೊಟ್ಟರು. ಕೊಟ್ಟು, "ದೇಖೋ ಬೇಟಾ, ಪತಿ ಪತ್ನಿ ಏಕ್ ಡಿಪಾರ್ಟ್‌ಮೆಂಟ್ ಮೇ ನಹೀ ಚಲೇಗಾ. ಕಂಪನಿ ಕಾ ರೂಲ್ ಹೈ" ಎಂದರು. ಗಂಡ ಹೆಂಡತಿ ಒಂದೇ ವಿಭಾಗದಲ್ಲಿರುವಂತಿಲ್ಲ ಎಂದು. ಇಬ್ಬರಲ್ಲಿ ಯಾರು ಬಿಡಬೇಕೆಂದು ಅವರು ಕೇಳಲಿಲ್ಲ. ನನ್ನ ಗಂಡನೂ ಕೇಳಲಿಲ್ಲ. ನಾನು ಬೇರೆ ವಿಭಾಗಕ್ಕೆ ಹಾಕಿ ಎಂದೆ. ಬೇರೆ ವಿಭಾಗದಲ್ಲಿ ಜಾಗವಿಲ್ಲ ಎಂದರು. ವಾಪಸು ಬರುವಾಗ ಗಂಡ ಹೇಳಿದರು: "ಹೇಗೂ ಬೊರಿವಲಿಯಿಂದ ದಾದರ್‌ಗೆ ಬಂದು, ಸೇತುವೆ ಹತ್ತಿ ಇಳಿದು, ಇನ್ನೊಂದು ಟ್ರೇನು ಹಿಡಿದು ಭಾಂಡುಪ್‌ಗೆ... ದಿನಾ ನೀನು ಯಾಕೆ ಸಾಯ್ಬೇಕು ಹೇಳು?"

ನೀನು ಎಂದರು. ಮದುವೆಯಾದ ಮೇಲೆ ಗಂಡ ಹೆಂಡತಿಗೆ ನೀನು ಎನ್ನುವುದು ನಮ್ಮಲ್ಲಿ ಪ್ರೀತಿ. ನಾನೂ ಹಾಗೇ ತಿಳಿದುಕೊಂಡೆ.

ಬೊರಿವಲಿಯ ಮನೆಯಲ್ಲಿ ಒಂದು ಹಾಲು, ಒಂದು ಕೋಣೆ, ಅಡುಗೆಮನೆ, ಬಟ್ಟೆ ಒಣಹಾಕುವಷ್ಟು ಬಾಲ್ಕನಿ. ಮಾವ ತೀರಿಕೊಂಡ ಮೇಲೆ ಅತ್ತೆ ಬೆಂಗಳೂರಿನಿಂದ ಬಂದು ನಮ್ಮೊಂದಿಗಿದ್ದರು. ಕಡಿಮೆ ಮಾತಿನ, ಚೊಕ್ಕ ಕೆಲಸದ ಹೆಂಗಸು. ನೆಂಟರು ಬಂದಾಗ "ನಮ್ಮ ಸೊಸೆ ಎಂ.ಎಸ್ಸಿ., ಫಸ್ಟ್ ಕ್ಲಾಸು" ಎಂದು ಒಂದಾದರೂ ಸಲ ಹೇಳುತ್ತಿದ್ದರು. ಮನೆಯಲ್ಲಿ ನನ್ನ ಓದನ್ನು ನೆನಪಿಟ್ಟುಕೊಂಡಿದ್ದವರು ಅವರೊಬ್ಬರೇ ಇರಬೇಕು.

ನಾನು ಬಿಟ್ಟ ಮೇಲೆ ಗೆಳತಿ ನನ್ನ ಕ್ರಮದಲ್ಲೇ ಗುಳಿಗೆ ಮಾಡುತ್ತಿದ್ದಳು. ಒಂದು ಸಂಜೆ ಗಂಡ ಕ್ಯಾಮೆರಾ ರೋಲಿನ ಡಬ್ಬಿಯಲ್ಲಿ ಕೆಲವು ಗುಳಿಗೆ ತಂದು ನನ್ನ ಮುಂದೆ ಸುರಿದರು. "ವಾರದೊಳಗೆ ಸತ್ತುಹೋಗ್ತಿವೆ. ಏನು ಮಾಡಿದ್ರೂ ಉಳೀತಿಲ್ಲ."

ನಾನು ಸೊಪ್ಪು ಬಿಡಿಸುತ್ತಿದ್ದೆ. ಕೈ ಒರೆಸಿಕೊಂಡು ಒಂದು ಗುಳಿಗೆ ಒಡೆದು ನೋಡಿದೆ. "ಮೊದಲು ಯಾವ ಗ್ಯಾಸು ಹಾಕ್ತಿದ್ರಿ?"

"ಲ್ಯಾಬಿನದು, ಶುದ್ಧವಾದ್ದು. ಈಗ ಮನೆಯಲ್ಲಿ ಸಿಗೋ ಸಿಲಿಂಡರೇ ಹಾಕಬೇಕು ಅಂತ ಸೇಠ್ ಹೇಳಿದ್ರು."

"ಹಾಗಾದ್ರೆ ಅದರ ವಾಸನೆಯೇ ಕೊಲ್ತಿರೋದು."

ಅಡುಗೆ ಗ್ಯಾಸಿಗೆ ತನ್ನದೇ ವಾಸನೆಯಿಲ್ಲ. ಸೋರಿದರೆ ಜನಕ್ಕೆ ತಿಳಿಯಲಿ ಎಂದು ಗಂಧಕದ ಒಂದು ಕೊಳೆತ ವಾಸನೆಯನ್ನು ಬೇಕೆಂದೇ ಬೆರೆಸಿರುತ್ತಾರೆ. ತಾಮ್ರಕ್ಕೆ ಗಂಧಕ ವಿಷ; ಚೂರು ಸಾಕು. ಗ್ಯಾಸು ಯಂತ್ರಕ್ಕೆ ಹೋಗುವ ಮುಂಚೆ ಸತುವಿನ ಆಕ್ಸೈಡು, ಇದ್ದಿಲು ತುಂಬಿದ ಒಂದು ಚಿಕ್ಕ ಪಾತ್ರೆಯಲ್ಲಿ ಗಂಧಕವನ್ನು ಹಿಡಿದುಬಿಡಿ ಎಂದೆ. ಎಷ್ಟು ತುಂಬಬೇಕು, ಯಾವಾಗ ಬದಲಿಸಬೇಕು ಎಂದೂ ಹೇಳಿದೆ. ಆಮೇಲೆ ಇನ್ನೊಂದು ಮಾತು ಹೇಳಿದೆ: "ಆದ್ರೆ ನೋಡಿ, ಅಲ್ಲಿಂದ ಮುಂದೆ ಗ್ಯಾಸಿಗೆ ವಾಸನೆ ಇರಲ್ಲ. ಸೋರಿದ್ರೆ ಯಾರಿಗೂ ಗೊತ್ತಾಗಲ್ಲ. ಯಾರ ಮನೇಲಿ ಇಟ್ರೂ ಯಂತ್ರ ಹೊರಗೆ, ಬಾಲ್ಕನಿಯಲ್ಲಿರಬೇಕು. ಮಾನಾಕ್ಸೈಡ್ ಹಿಡಿಯೋ ಅಲಾರಮ್ ಇಡಬೇಕು."

"ಹೂಂ" ಎಂದರು. ನನ್ನ ಮಾತಿನ ಮೊದಲರ್ಧ ಮಾತ್ರ ಭಾಂಡುಪ್ ತಲುಪಿತು. ಗುಳಿಗೆಗಳು ಬದುಕಿದವು. ಗಂಡನಿಗೆ ಬಡ್ತಿ ಸಿಕ್ಕಿತು. ಪೇಢೆ ತಂದರು. ಅತ್ತೆ ಅದನ್ನು ದೇವರ ಮುಂದಿಟ್ಟು ಮೊದಲು ನನ್ನ ಕೈಗೆ ಕೊಟ್ಟರು.

ಯಂತ್ರವನ್ನು ನಿಜವಾದ ಮನೆಯೊಂದರಲ್ಲಿ ಓಡಿಸಿ ನೋಡಬೇಕಾದಾಗ ಸೇಠ್ ನಮ್ಮ ಮನೆಯನ್ನೇ ಆರಿಸಿದರು. "ನಿಮಗೆ ಮಕ್ಕಳಿಲ್ಲ, ಮುಟ್ಟಿ ಕೆಡಿಸುವವರಿಲ್ಲ" ಎಂದರಂತೆ. ಗಂಡ ಅದನ್ನು ಮನೆಗೆ ಬಂದು ಹಾಗೇ ಹೇಳಿದರು. ಬಾಲ್ಕನಿಯಲ್ಲಿಡಿ ಎಂದು ನಾನು ಹಟ ಹಿಡಿದೆ. ಬಾಲ್ಕನಿಯಲ್ಲಿಟ್ಟರೆ ಫೋಟೋ ಬರುವುದಿಲ್ಲ, ಮನೆಯ ಯಂತ್ರ ಅಂತ ಕಾಣಬೇಕಾದರೆ ಅಡುಗೆಮನೆಯಲ್ಲೇ ಇರಬೇಕು, ಸೇಠರ ಅಪ್ಪಣೆ ಎಂದರು. ಅಲಾರಮ್ಮನ್ನು ಹೊರದೇಶದಿಂದ ತರಿಸಬೇಕು, ಲೈಸೆನ್ಸು ಬೇಕು, ಆಮೇಲೆ ನೋಡೋಣ ಎಂದರು. ಹೊಗೆ ಹೋಗುವ ಕೊಳವೆಗಾಗಿ ಕಿಟಕಿಗೆ ತಗಡು ಹೊಡೆದರು. ಅಡುಗೆಮನೆಗೆ ಇದ್ದದ್ದು ಅದೊಂದೇ ಕಿಟಕಿ.

ಪಕ್ಕದ ಮನೆಯ ಮರಾಠಿ ಹೆಂಗಸು ಬಂದು ನೋಡಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಗ್ಯಾಸಿನ ಕನೆಕ್ಷನ್ನಿಗೆ ಹೆಸರು ಬರೆಸಿ ವರ್ಷಗಳಾಗಿದ್ದರೂ ಅವಳಿಗೆ ಸಿಕ್ಕಿರಲಿಲ್ಲ. ಸೀಮೆಎಣ್ಣೆಗೆ ಕ್ಯೂ ನಿಲ್ಲುತ್ತಿದ್ದಳು. "ಅಹೋ ವಹಿನಿ, ಗ್ಯಾಸ್ ಜಾಳೂನ್ ದಿವಾ ಲಾವತಾ? ಲೈಟ್ ತರ್ ಆಹೇಚ್ ನಾ!" ಎಂದಳು. ಗ್ಯಾಸು ಸುಟ್ಟು ದೀಪ ಹಚ್ಚುತ್ತೀರಾ, ಲೈಟು ಇದ್ದೇ ಇದೆಯಲ್ಲ ಎಂದು.

ಆಮೇಲೆ ದಿಲ್ಲಿಯಿಂದ ಒಬ್ಬ ಅಧಿಕಾರಿ ಯಂತ್ರ ನೋಡಲು ಬಂದರು. ಜೊತೆಗೆ ಸೇಠ್, ಪತ್ರಿಕೆಯವನು. ಒಳಗಿನ ಪಾತ್ರೆಗಳು ಫೋಟೋದಲ್ಲಿ ಹೊಳೆಯಲೆಂದು ಗಂಡ ಅವುಗಳ ಮೇಲಿನ ದಪ್ಪ ಹೊದಿಕೆಯನ್ನು ಬಿಚ್ಚಿಟ್ಟಿದ್ದರು. ಬೇಡ ಎಂದೆ. "ಐದು ನಿಮಿಷ, ಸುಮ್ನಿರು" ಎಂದರು. ನಾನು ಚಹಾ ತಂದೆ. ಅಧಿಕಾರಿ ಕಪ್ಪು ತೆಗೆದುಕೊಂಡು ನನಗೆ ಹಿಂದಿಯಲ್ಲಿ ಪಾಠ ಮಾಡಿದರು. "ಬೆಹೆನ್‌ಜಿ, ಇದನ್ನು ಬೆಂಕಿಯಿಲ್ಲದ ಒಲೆ ಅಂತ ತಿಳ್ಕೊಳ್ಳಿ. ಒಳಗೆ ಒಂದು ಥರದ ಪುಡಿ ಇದೆ, ಅದು ಗ್ಯಾಸನ್ನು ಸೋಸುತ್ತೆ, ನಿಮ್ಮ ಹಿಟ್ಟಿನ ಜರಡಿ ಇದ್ದ ಹಾಗೆ." ನಾನು ಗಂಡನ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು. ಸೇಠರಿಗೆ ಒಮ್ಮೆಲೇ ಕಿಟಕಿಯ ತಗಡು ಬಹಳ ಆಸಕ್ತಿಯ ವಸ್ತುವಾಗಿತ್ತು.

ಫೋಟೋ ಮುಗಿಯುವ ಹೊತ್ತಿಗೆ ಬಲ್ಬು ಮಂಕಾಯಿತು. ಗಂಡ ಒಂದು ತಿರುಪು ತಿರುಗಿಸಿದರು, ಗ್ಯಾಸು ಹೆಚ್ಚಿಸಿದರು. ಇನ್ನೂ ಮಂಕಾಯಿತು. ಅವರ ಕತ್ತಿನ ಹಿಂದೆ ಬೆವರು ಇಳಿಯುತ್ತಿತ್ತು. ನನಗೆ ಬಿಸಿ ತೋರಿಸುವ ಮೀಟರಿನ ಮುಳ್ಳು ಕಾಣುತ್ತಿತ್ತು. ಎರಡನೆಯ ಪಾತ್ರೆ ತಣ್ಣಗಾಗಿತ್ತು. ನಾನು ಟ್ರೇ ಕೆಳಗಿಟ್ಟು ಇಂಗ್ಲಿಷಿನಲ್ಲೇ ಹೇಳಿದೆ: ತಾಮ್ರದ ಪಾತ್ರೆಯ ಬಿಸಿ ಇಳಿದಿದೆ, ಮಾನಾಕ್ಸೈಡ್ ಹಾಗೇ ದಾಟಿ ಹೋಗುತ್ತಿದೆ, ಸೆಲ್ಲಿಗೆ ಗ್ಯಾಸು ನಿಲ್ಲಿಸಿ ಹೊದಿಕೆ ಮುಚ್ಚಿ, ಇಲ್ಲದಿದ್ದರೆ ಪ್ಲಾಟಿನಂ ಹಾಳಾಗುತ್ತದೆ.

ಅಧಿಕಾರಿ ಜೋರಾಗಿ ನಕ್ಕರು. "ವಾಹ್! ಭಾಭೀಜಿ ಕೋ ಭೀ ಸಿಖಾ ದಿಯಾ ಆಪ್‌ನೇ!" ಹೆಂಡತಿಗೂ ಕಲಿಸಿಬಿಟ್ಟಿರಲ್ಲ ಎಂದು.

ನನ್ನ ಗಂಡ ನಕ್ಕು, "ದಿನಾ ನನ್ನ ಮಾತು ಕೇಳಿ ಕೇಳಿ ಬಂದುಬಿಟ್ಟಿದೆ, ಸರ್" ಎಂದರು. ಎಲ್ಲರನ್ನೂ ಹಾಲಿಗೆ ಕರೆದೊಯ್ದು ಕೂರಿಸಿ, ತಾವು ಹಿಂದಿರುಗಿ ಬಂದು, ನಾನು ಹೇಳಿದಂತೆಯೇ ಮಾಡಿದರು. ಅರ್ಧ ಗಂಟೆಯಲ್ಲಿ ಬಲ್ಬು ಮತ್ತೆ ಬೆಳಗಿತು. ಹಾಲಿನಿಂದ ಚಪ್ಪಾಳೆ ಕೇಳಿಸಿತು. ನಾನು ಕಪ್ಪುಗಳನ್ನು ತೊಳೆದೆ.

ಅವರೆಲ್ಲ ಹೋದ ಮೇಲೆ ಕೇಳಿದೆ. "ಗುಳಿಗೆ ಯಾರದು ಅಂತ ಒಂದು ಮಾತು ಹೇಳಬಹುದಿತ್ತಲ್ಲ ರೀ?"

"ಆ ಹೊತ್ತಲ್ಲಿ ಅದೆಲ್ಲ ಹೇಳೋಕಾಗುತ್ತೇನೇ? ದುಡ್ಡು ಮಂಜೂರು ಮಾಡೋರು ಬಂದಿದ್ರು. ಆಮೇಲೆ, ನಂದೇನು ನಿಂದೇನು, ಎಲ್ಲಾ ಒಂದೇ ಮನೆ ಅಲ್ವಾ?"

ಅತ್ತೆಗೆ ಬೆಂಗಳೂರಿನಿಂದಲೂ ಒಂದು ಅಭ್ಯಾಸ. ಮಧ್ಯಾಹ್ನ ಊಟವಾದ ಮೇಲೆ ಅಡುಗೆಮನೆಯ ತಣ್ಣನೆಯ ನೆಲದ ಮೇಲೆ ಚಾಪೆ ಹಾಸಿ ಮಲಗುತ್ತಿದ್ದರು. ಯಂತ್ರ ಬಂದ ಮೇಲೂ ಬಿಡಲಿಲ್ಲ. ಅದರ ಗುಂಯ್ ಶಬ್ದಕ್ಕೆ ನಿದ್ದೆ ಚೆನ್ನಾಗಿ ಬರುತ್ತೆ ಎನ್ನುತ್ತಿದ್ದರು. ನಾನು ಆ ಹೊತ್ತಿಗೆ ಕೆಳಗಿನ ಮಹಡಿಯ ಹುಡುಗಿಯರಿಗೆ ಕೆಮಿಸ್ಟ್ರಿ ಹೇಳಿಕೊಡಲು ಹೋಗುತ್ತಿದ್ದೆ. ದಿಲ್ಲಿಯವರು ಬಂದು ಹೋದ ಕೆಲವು ವಾರಗಳಲ್ಲಿ ಅತ್ತೆಗೆ ತಲೆನೋವು ಶುರುವಾಯಿತು. ಎದ್ದರೆ ತಲೆ ಸುತ್ತು, ವಾಂತಿ. ಸ್ಟೇಷನ್ನಿನ ಹತ್ತಿರದ ಡಾಕ್ಟರು ಹೊಟ್ಟೆ ಒತ್ತಿ ನೋಡಿ, "ಗ್ಯಾಸ್ ಹೈ" ಎಂದು ಮಾತ್ರೆ ಕೊಟ್ಟರು. ಹೊಟ್ಟೆಯ ಗ್ಯಾಸು ಎಂದು ಅವರ ಅರ್ಥ.

ಭಾನುವಾರ ಯಂತ್ರ ನಿಲ್ಲಿಸುತ್ತಿದ್ದರು. ಅಂಥ ಒಂದು ಭಾನುವಾರ ಅತ್ತೆ ಗೆಲುವಾಗಿ ಕೂತು ಹೂ ಕಟ್ಟುತ್ತಿದ್ದುದನ್ನು ನೋಡಿದಾಗ ನನಗೆ ಅನುಮಾನ ಬಂತು. ಗಂಡನಿಗೆ ಹೇಳಿದೆ. "ಸೋರಿದ್ರೆ ಮೀಟರಲ್ಲಿ ಗೊತ್ತಾಗ್ತಿತ್ತು. ಸುಮ್ನೆ ಹೆದರಿಸ್ಬೇಡ" ಎಂದರು. ಅಮ್ಮನನ್ನಾದರೂ ಅಲ್ಲಿ ಮಲಗಬೇಡ ಎನ್ನಿ ಎಂದೆ. ಸೋಮವಾರ ನಾನೇ ಅವರ ಚಾಪೆಯನ್ನು ಹಾಲಿನಲ್ಲಿ ಹಾಸಿ, ಅಡುಗೆಮನೆಗೆ ಹೋಗಬೇಡಿ ಎಂದು ಹೇಳಿ ಪಾಠಕ್ಕೆ ಇಳಿದೆ. ಮನಸ್ಸು ತಡೆಯದೆ ಬೇಗ ಹತ್ತಿ ಬಂದೆ. ಹಾಲಿನ ಚಾಪೆ ಖಾಲಿಯಿತ್ತು. ಅವರು ಅಡುಗೆಮನೆಯ ನೆಲದ ಮೇಲೆ, ಕೈಯನ್ನೇ ದಿಂಬು ಮಾಡಿಕೊಂಡು ಮಲಗಿದ್ದರು. ಕರೆದರೆ ಏಳಲಿಲ್ಲ. ಕೆನ್ನೆ ಕೆಂಪಗೆ, ಎಂದೂ ಇಲ್ಲದಷ್ಟು ಆರೋಗ್ಯವಾಗಿ ಕಾಣುತ್ತಿತ್ತು.

ನಾನು ಸಿಲಿಂಡರಿನ ನಾಬು ತಿರುಗಿಸಿ ನಿಲ್ಲಿಸಿದೆ. ಯಂತ್ರವನ್ನು ಕ್ರಮವಾಗಿ ಆರಿಸಬೇಕು, ಒಮ್ಮೆಲೇ ನಿಲ್ಲಿಸಿದರೆ ಒಳಗಿನದೆಲ್ಲ ಹಾಳಾಗುತ್ತದೆ. ಅದು ನನಗೆ ಗೊತ್ತಿತ್ತು. ಅತ್ತೆಯ ಕಂಕುಳಿಗೆ ಕೈ ಹಾಕಿ ಎಳೆದುಕೊಂಡು ಹೋಗಿ ಮಹಡಿಯ ಮೆಟ್ಟಿಲ ಬಳಿ ಮಲಗಿಸಿ ಕೂಗಿದೆ. ಪಕ್ಕದ ಮನೆಯ ಮರಾಠಿ ಹೆಂಗಸು ಓಡಿಬಂದಳು. ಇಬ್ಬರೂ ಸೇರಿ ಇಳಿಸಿ, ರಿಕ್ಷಾದಲ್ಲಿ ಆಸ್ಪತ್ರೆಗೆ ಒಯ್ದೆವು. "ಕಾರ್ಬನ್ ಮಾನಾಕ್ಸೈಡ್, ಆಕ್ಸಿಜನ್ ಕೊಡಿ" ಎಂದು ನಾನು ಬಾಗಿಲಿನಲ್ಲೇ ಹೇಳಿದೆ. ಅಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರು ವಾದ ಮಾಡಲಿಲ್ಲ. ಅದಕ್ಕೆ ಅವನಿಗೆ ಇಂದಿಗೂ ಕೃತಜ್ಞಳು.

ಅತ್ತೆಗೆ ಪ್ರಜ್ಞೆ ಬಂತು. ಮರುದಿನ ನಾನು ಮನೆಗೆ ಬಂದು ಯಂತ್ರದ ಕೀಲುಗಳಿಗೆಲ್ಲ ಸಾಬೂನು ನೀರು ಹಚ್ಚಿ, ಸೈಕಲ್ ಪಂಪಿನಿಂದ ಗಾಳಿ ಒತ್ತಿ ನೋಡಿದೆ. ಮೊದಲನೆಯ ಪಾತ್ರೆಗೂ ಎರಡನೆಯದಕ್ಕೂ ನಡುವಿನ ಕೀಲಿನಲ್ಲಿ ಗುಳ್ಳೆಗಳು ಎದ್ದವು. ಫೋಟೋದ ದಿನ ಹೊದಿಕೆ ಬಿಚ್ಚಿ ತೊಡಿಸಿದ್ದು ಅಲ್ಲೇ. ಗಂಡನನ್ನು ಕರೆದು ತೋರಿಸಿದೆ. ಅವರು ಬಹಳ ಹೊತ್ತು ಕುಕ್ಕರುಗಾಲಿನಲ್ಲಿ ಕೂತು ಆ ಗುಳ್ಳೆಗಳನ್ನೇ ನೋಡಿದರು. ಕಣ್ಣಲ್ಲಿ ನೀರಿತ್ತು. ಆವತ್ತು ನನಗೆ ಅವರ ಮೇಲೆ ಕರುಣೆಯಾಯಿತು.

ಯಂತ್ರವನ್ನು ಭಾಂಡುಪ್‌ಗೆ ಸಾಗಿಸಿದರು. ಸ್ವಲ್ಪ ದಿನಗಳ ನಂತರ ಉಡುಪಿಯ ಗೆಳತಿ ಅತ್ತೆಯನ್ನು ನೋಡಲು ಬಂದಳು. ಹೊರಡುವಾಗ ಚಪ್ಪಲಿ ಮೆಟ್ಟಿಕೊಂಡು ನಿಂತೇ ನಿಂತಳು. "ನೀನು ಬೇಜಾರು ಮಾಡ್ಬೇಡ. ಲ್ಯಾಬಲ್ಲಿ ಎಲ್ಲರಿಗೂ ಹೇಳಿದ್ದಾರೆ, ಮನೆಯವರು ಗೊತ್ತಿಲ್ಲದೆ ಯಂತ್ರ ಮುಟ್ಟಿದ್ರು, ನಡುವೆ ಆರಿಸಿದ್ರು, ಅದಕ್ಕೆ ಹಾಳಾಯ್ತು ಅಂತ."

"ಯಾರು ಹೇಳಿದ್ದು? ಸೇಠಾ?"

"ಸೇಠ್ ಕೇಳಿದ್ದು. ನಿನ್ನ ಯಜಮಾನ್ರು ಹೌದು ಅಂದದ್ದು. ನಾನು ಅಲ್ಲೇ ಇದ್ದೆ."

ಸಂಜೆ ಅವರು ಬಂದು ಕೈಕಾಲು ತೊಳೆಯುವವರೆಗೂ ಕಾದೆ. "ಹೌದು ಅಂದ್ರಂತೆ?"

ಅವರು ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಲೇ ಇದ್ದರು. "ಕೀಲು ಸಡಿಲ ಇತ್ತು ಅಂದ್ರೆ ನನ್ನ ಕೆಲಸ ಹೋಗ್ತಿತ್ತು. ನಿನಗೆ ಹೇಗೂ ಕೆಲಸ ಇಲ್ವಲ್ಲ. ನಿಂದೇನು ಹೋಗುತ್ತೆ ಹೇಳು?"

ಎಲೆ ಹಾಕಿದ ಮೇಲೆ ಬಡಿಸಲೇಬೇಕಲ್ಲ, ಬಡಿಸಿದೆ. ಅವರು ಎಂದಿನಂತೆ ಸಾರು ಕೇಳಿ ಹಾಕಿಸಿಕೊಂಡರು. ನನ್ನೊಳಗೆ ಏನೋ ಮುರಿದಿದ್ದರೆ ಅದು ಆ ಮಾತಿಗಲ್ಲ, ಆ ಸಾರು ಕೇಳಿದ್ದಕ್ಕೆ.

ಯಂತ್ರದ ಕೆಲಸವನ್ನು ಸೇಠ್ ಮುಂದಿನ ವರ್ಷ ಮುಚ್ಚಿದರು. ನನ್ನ ಗುಳಿಗೆಗಳನ್ನು ಮಾತ್ರ ಗೊಬ್ಬರದ ಕಾರ್ಖಾನೆಗಳಿಗೆ ಮಾರುತ್ತಿದ್ದರೆಂದು ಗೆಳತಿ ಹೇಳಿದಳು. ಗಂಡ ಇನ್ನೂ ದೊಡ್ಡ ಕಂಪನಿಯೊಂದಕ್ಕೆ ಹೋದರು. ದಿಲ್ಲಿಯವರಿಗೆ ಯಂತ್ರ ತೋರಿಸಿದ ಅನುಭವ ಅಲ್ಲಿ ಕೆಲಸಕ್ಕೆ ಬಂತು. ಅವರು ಸೇಠರನ್ನು ಬಿಟ್ಟ ಮೇಲೆ ನಾನು ಹಳೆಯ ಲ್ಯಾಬಿಗೆ ಹೋಗಿ ಕೆಲಸ ಕೇಳಿದೆ. ಈಗ ರೂಲು ಅಡ್ಡ ಬರುವುದಿಲ್ಲವಲ್ಲ ಎಂದೆ. ಸೇಠ್ ಮೆತ್ತಗೆ, "ಬೇಟಾ, ಆ ಗಲಾಟೆ ಆದ ಮೇಲೆ ಲ್ಯಾಬಿನವರು ನಿನ್ನ ಕೈಗೆ ಕೆಲಸ ಕೊಡಲು ಹೆದರುತ್ತಾರೆ" ಎಂದು ಹಿಂದಿಯಲ್ಲಿ ಹೇಳಿ, ಊಟ ಮಾಡಿಕೊಂಡು ಹೋಗು ಎಂದರು. ನಾನು ಊಟ ಮಾಡಲಿಲ್ಲ.

ಅತ್ತೆ ಆಸ್ಪತ್ರೆಯಿಂದ ಬಂದ ತಿಂಗಳೊಳಗೆ ಬದಲಾಗತೊಡಗಿದರು. ಮೊದಲು ಒಗ್ಗರಣೆಗೆ ಸಾಸಿವೆ ಹಾಕುವುದು ಮರೆತರು, ಆಮೇಲೆ ಸಾಸಿವೆ ಎಂಬ ಮಾತು ಮರೆತರು. ಕೈ ನಡುಗಿತು, ನಡಿಗೆ ತಪ್ಪಿತು. ಆ ವಿಷದ ಗ್ಯಾಸು ಹೀಗೆ ತಡವಾಗಿಯೂ ಮೆದುಳನ್ನು ತಿನ್ನುತ್ತದೆ ಎಂದು ದೊಡ್ಡ ಡಾಕ್ಟರು ಹೇಳಿದರು. ಸ್ನಾನ, ಊಟ, ಬಟ್ಟೆ ಎಲ್ಲ ನನ್ನದೇ ಕೈಯಾಯಿತು. ಗಂಡ ಅಮ್ಮನ ಹತ್ತಿರ ಬರುವುದನ್ನು ಕಡಿಮೆ ಮಾಡಿದರು, ನೋಡಲಾಗುವುದಿಲ್ಲ ಎನ್ನುತ್ತಿದ್ದರು. ನೋಡಲಾಗುವುದು ನನಗೆ ಎಂದು ಹೇಗೆ ತೀರ್ಮಾನಿಸಿದರೋ.

ಮಗ ಅವರಿಗೂ ಹೇಳಿದ್ದ ಮಾತೊಂದು ಮಾತ್ರ ಅವರ ನೆನಪಿನಲ್ಲಿ ಹೇಗೋ ಗಟ್ಟಿಯಾಗಿ ಉಳಿದುಬಿಟ್ಟಿತ್ತು. ಬೆಂಗಳೂರಿನಿಂದ ಅವರ ತಂಗಿ ನೋಡಲು ಬಂದಿದ್ದರು. ನಾನು ಅತ್ತೆಯ ಕಾಲು ಒರೆಸುತ್ತಿದ್ದೆ. ತಂಗಿ ಕಣ್ಣೊರೆಸಿಕೊಂಡು, "ಅದೇನೋ ಮೆಷೀನಿಂದ ಹೀಗಾಯ್ತಂತಲ್ಲ ಅಕ್ಕ" ಎಂದರು. ಅತ್ತೆ ನನ್ನ ತಲೆಯ ಮೇಲೆ ನಡುಗುವ ಕೈಯಿಟ್ಟು, ತಡೆತಡೆದು ಹೇಳಿದರು: "ಇವಳನ್ನ ಏನೂ ಅನ್ಬೇಡ ಕಣೇ. ತಿಳೀದೆ ಮುಟ್ಟಿಬಿಟ್ಟಳು. ಪಾಪ, ಓದಿಲ್ಲ ಇವಳು."

ತಂಗಿ ನನ್ನನ್ನು ನೋಡಿದರು. ಏನಾದರೂ ಹೇಳುತ್ತೇನೆಂದು ಕಾದರು. ನಾನು ಇನ್ನೊಂದು ಕಾಲನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡೆ.

ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ ಅತ್ತೆ ತೀರಿಕೊಂಡರು. ಹದಿಮೂರನೆಯ ದಿನದ ಕಾರ್ಯ ಮುಗಿದ ಮೇಲೆ ಕಾಂದಿವಲಿಯ ಒಂದು ಕೋಚಿಂಗ್ ಕ್ಲಾಸಿಗೆ ಹೋಗಿ ಕೇಳಿದೆ. ಸಂಜೆಯ ಬ್ಯಾಚಿಗೆ ಕೆಮಿಸ್ಟ್ರಿ ಹೇಳುವ ಕೆಲಸ ಸಿಕ್ಕಿತು. ಗಂಡನಿಗೆ ತಿಳಿಸಿದೆ, ಒಪ್ಪಿಗೆ ಕೇಳಲಿಲ್ಲ.

"ಸಂಜೆನಾ?" ಎಂದರು. "ಹಾಗಾದ್ರೆ ರಾತ್ರಿ ಊಟ?"

"ಅಕ್ಕಿ ಡಬ್ಬಿ ಕೆಳಗಿನ ಶೆಲ್ಫಲ್ಲಿದೆ" ಎಂದು ಹೇಳಿ ನಾನು ಚಪ್ಪಲಿ ಮೆಟ್ಟಿದೆ.